ಸುತ್ತಿನ ಲೆಕ್ಕ

ಪಿಯುಸಿ ಮುಗಿಸಿದ ಲಿಖಿತ, ಚಿಕ್ಕಮ್ಮನ ಮಗಳು,
ಶಿರಾ ಗೇಟಿನ ಟೀ ಅಂಗಡಿಯಲ್ಲಿ ಕೇಳುತ್ತಾಳೆ:
"ಅಕ್ಕಾ, ಲಾ ಓದ್ಲಾ, ಐಟಿಐ ಸೇರ್ಲಾ?"
ನನ್ನ ಕರಿಕೋಟು ಮಡಿಲಲ್ಲಿದೆ, ಬೆಕ್ಕಿನ ಹಾಗೆ.
ಒಳಗಿನ ಅಸ್ತರು ಬೆವರಿಗೆ ಹರಿದು
ಎರಡು ಬೇಸಿಗೆ ಆಯಿತು.

ಏಳೂವರೆ ಲಕ್ಷ ಅನ್ನುವುದು ಅಂಕಿಯಲ್ಲ ಕಣೇ,
ತಿಂಗಳ ಐದನೇ ತಾರೀಖು ಬೆಳಗಿನ ಜಾವ
ಮೊಬೈಲಿನೊಳಗೆ ಕೆಮ್ಮುವ ನೆಂಟ;
ಊಟಕ್ಕೆ ಕೂತರೆ ಏಳುವುದಿಲ್ಲ.
ಜಾಮೀನಿಗೆ ಅವ್ವ ಹಾಕಿದ ರುಜು
ಅಂಗನವಾಡಿಯ ಹಾಜರಿ ಪುಸ್ತಕದ್ದೇ ಅಕ್ಷರ:
ದುಂಡಗೆ, ನಿಧಾನಕ್ಕೆ,
ಎಲ್ಲ ಮಕ್ಕಳೂ ಬಂದಿದ್ದಾರೆ ಎಂಬಂತೆ.

ಸೀನಿಯರ್ ವೃಷಭೇಂದ್ರಯ್ಯನವರು ಒಳ್ಳೆಯವರು.
ಶನಿವಾರ ಸಂಜೆ ಜೇಬು ತಡಕಿ
"ಪೆಟ್ರೋಲಿಗೆ ಇಟ್ಕೊಳಮ್ಮ" ಎಂದು ಐನೂರು ಕೊಡುತ್ತಾರೆ.
ನನಗೆ ಗಾಡಿಯಿಲ್ಲ ಎಂದು
ಮೂರು ವರ್ಷದಿಂದ ನಾನು ಹೇಳಿಲ್ಲ.
ತುಮಕೂರಿನ ಕೋರ್ಟಿನಲ್ಲಿ ಇದುವರೆಗೆ
ನಾನಾಡಿದ ಅತಿ ಉದ್ದದ ವಾಕ್ಯ:
"ಹಿರಿಯರು ಇನ್ನೊಂದು ಹಾಲಿನಲ್ಲಿದ್ದಾರೆ ಸ್ವಾಮಿ, ಕಾಲಾವಕಾಶ ಬೇಕು."

ತಮ್ಮ ಜುಂಜೇಶ ಹತ್ತನೇ ಕ್ಲಾಸಿನ ಗಣಿತಕ್ಕೆ ಡುಮ್ಕಿ.
ಈಗ ಅಂತರಸನಹಳ್ಳಿಯಲ್ಲಿ ಮೋಟಾರು ಸುತ್ತುತ್ತಾನೆ.
ಮೂವತ್ತಾರು ಸ್ಲಾಟು, ಒಂದೊಂದು ಕಾಯಿಲಿಗೆ ಐವತ್ತೆಂಟು ಸುತ್ತು,
ತುಟಿಯಲ್ಲೇ ಎಣಿಕೆ. ಆ ಹೊತ್ತು ಮಾತಾಡಿಸಬಾರದು,
ಅವ್ವ ಬುತ್ತಿ ತಂದರೂ ಬರೀ ಕೈಸನ್ನೆ.
ಸಂಜೆ ಸ್ವಿಚ್ಚು ಒತ್ತಿದರೆ ತೀರ್ಪು:
ತಿರುಗಿತು, ಇಲ್ಲವೇ ಸುಟ್ಟಿತು.
ಮೇಲ್ಮನವಿ ಇಲ್ಲ.
ವಾರ್ನಿಷು ಅವನ ಬೆರಳ ಗೆರೆ ತಿಂದುಹಾಕಿದೆ;
ರೇಷನ್ ಅಂಗಡಿಯ ಯಂತ್ರ
ಅವನನ್ನು ಅವನೆಂದು ಒಪ್ಪುವುದಿಲ್ಲ.
ನನ್ನ ಕಂತು ನಾಲ್ಕು ಸಲ ಅವನೇ ಕಟ್ಟಿದ್ದ.
ಅದನ್ನು ಹೇಳಿದ್ದು ಬ್ಯಾಂಕಿನವರು.

ಹೋದ ಆಷಾಢದಲ್ಲಿ ಕ್ರಷರಿನ ತಿಮ್ಮರಾಯಪ್ಪ
ಇಪ್ಪತ್ತೆಂಟು ಸಾವಿರ ಬಾಕಿ ಉಳಿಸಿಕೊಂಡ.
ನೋಟೀಸು ಬರೆದೆ, ನನ್ನ ಹೆಸರಿನ ಮೊದಲ ನೋಟೀಸು!
ಎರಡು ಪುಟ, ನಾಲ್ಕು ಕಲಮು, ರಿಜಿಸ್ಟರ್ ಪೋಸ್ಟು.
ಅದರ ಬೆನ್ನಿಗೆ ಆತ
ಜಲ್ಲಿ ಲೋಡಿನ ಲೆಕ್ಕ ಬರೆದುಕೊಂಡನಂತೆ.
ಜುಂಜೇಶ ಬೈಕಿನಲ್ಲಿ ಹೋಗಿ
ಮೂರು ಫ್ಯೂಸು ಕಿತ್ತು ಜೇಬಿಗಿಟ್ಟ.
ಗಂಟೆಯೊಳಗೆ ಹಣ ಬಂತು.
ಎರಡು ಫ್ಯೂಸು ವಾಪಸು ಕೊಟ್ಟ, ಒಂದನ್ನು ಮರೆತ.

ಇಡೀ ಓಣಿ ನಕ್ಕಿತು. ನಾನು ನಗಲಿಲ್ಲ.

ರಾತ್ರಿ ಒಂಬತ್ತಕ್ಕೆ ಸ್ಟೇಷನ್ನಿನಿಂದ ಕರೆ,
ಕಳವಿನ ದೂರು.
ಬೆಂಚಿನ ಮೇಲೆ ತಮ್ಮ. ತೊಡೆಯ ಮೇಲೆ ಬೆರಳು
ಇಲ್ಲದ ತಂತಿ ಸುತ್ತುತ್ತಿತ್ತು,
ತುಟಿ ಮಾತ್ರ ಎಣಿಸುತ್ತಿರಲಿಲ್ಲ.
ರಾತ್ರಿ ಯಾರೂ ತೊಡದ ಕೋಟು ತೊಟ್ಟು ಹೋಗಿದ್ದೆ.
ದೂರಿನ ಪ್ರತಿ ಕೇಳಿದೆ. ಕರೆತಂದ ವೇಳೆ ಬರೆಸಿದೆ.
ಬಾಕಿಯ ಬಿಲ್ಲು, ನನ್ನ ನೋಟೀಸಿನ ನಕಲು,
ಅಂಚೆಯ ಮುದ್ದೆಯಾದ ಚೀಟಿ ಮೇಜಿಗಿಟ್ಟೆ,
ಪಕ್ಕದಲ್ಲಿ ಆ ಒಂದು ಫ್ಯೂಸು.
ದನಿ ನಡುಗಿತು. ಓದಿದ್ದು ನಡುಗಲಿಲ್ಲ.
"ಕೂತ್ಕೊಳ್ಳಿ ಮೇಡಂ" ಅಂದರು ಸಾಹೇಬರು,
ಆವರೆಗೆ ನನಗೆ ಕುರ್ಚಿ ಇರಲಿಲ್ಲ.
ಹತ್ತೂವರೆಗೆ ಹೊರಗೆ ಬಂದೆವು.
"ಎಷ್ಟಾಯ್ತಕ್ಕ ನಿನ್ ಫೀಸು?" ಅಂದ,
ಕಣ್ಣೊರೆಸಿಕೊಳ್ಳುತ್ತಾ.

"ಕೊಟ್ನಾ?" ಅಂದಳು ಲಿಖಿತ.
ಎಗ್ ರೈಸ್ ಕೊಡಿಸಿದ.
"ಹಂಗಾದ್ರೆ ಐಟಿಐ," ಅಂದಳು, ಥಟ್ಟನೆ.

ಇಲ್ಲ, ಆ ಕುರ್ಚಿಯ ವಿಷಯ ಇನ್ನೂ ಇದೆ,
ಆದರೆ ಕುರ್ಚಿಯಿಂದ ಕಂತು ಕಟ್ಟಲಾಗುವುದಿಲ್ಲ,
ಆದರೆ ಆ ರಾತ್ರಿ ಮೋಟಾರು ಬಲ್ಲವನಿಗೆ
ಅಲ್ಲಿ ಬಾಯಿ ಇರಲಿಲ್ಲವಲ್ಲ, ಆದರೆ...
ಇವತ್ತು ಐದನೇ ತಾರೀಖು. ಮಡಿಲಲ್ಲಿ ಮೊಬೈಲು ಕೆಮ್ಮಿತು.
ನನ್ನ ಬಾಯಿಗೆ ಬಂದದ್ದು ಆ ಹಳೆಯ ವಾಕ್ಯವೇ:
"ಕಾಲಾವಕಾಶ ಬೇಕು ಕಣೇ."

ಟೀ ದುಡ್ಡು ಲಿಖಿತಳೇ ಕೊಟ್ಟಳು.